ಹಳೆಯ ಲ್ಯಾಬಿಗೆ ಡಿಸ್ಕ್ ಯಾಕೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಅದಕ್ಕಿಂತ ಹಳೆಯ ಯಂತ್ರ ಇಟ್ಟುಕೊಂಡಿರುವ ಶಾಲೆ-ಕಾಲೇಜಿನ ಲ್ಯಾಬಿಗೆ, ಅದು ಮಂಡ್ಯದ್ದಾಗಲಿ ಮಳವಳ್ಳಿಯದಾಗಲಿ, ಈಗ ಸಿಗುವುದು ಎರಡೇ ಸಲಹೆ. ಗುಜರಿಗೆ ಹಾಕಿ, ಇಲ್ಲವೇ ಒಂದೊಂದಕ್ಕೂ ಎಸ್‌ಎಸ್‌ಡಿ ಹಾಕಿಸಿ, ಪೆನ್‌ಡ್ರೈವ್ ಹಿಡಿದು ಒಂದೊಂದಕ್ಕೂ ಲಿನಕ್ಸ್ ತುಂಬಿ. ನನ್ನದು ಮೂರನೆಯದು: ಡಿಸ್ಕನ್ನೇ ಕಿತ್ತುಬಿಡಿ. ಒಂದು ಸರ್ವರಿನಲ್ಲಿ ಒಮ್ಮೆ ಇನ್‌ಸ್ಟಾಲ್ ಮಾಡಿ. ಉಳಿದವು ಲ್ಯಾನ್ ಕೇಬಲ್ಲಿನಿಂದಲೇ ಬೂಟ್ ಆಗಲಿ.

ಇದೇನು ಹೊಸ ಕಸರತ್ತಲ್ಲ. 1980ರ ದಶಕದಲ್ಲಿ ಸನ್ 3/50 ಎಂಬ ವರ್ಕ್‌ಸ್ಟೇಷನ್ ಬಹಳ ಕಡೆ ಡಿಸ್ಕಿಲ್ಲದೆಯೇ ಕೆಲಸ ಮಾಡುತ್ತಿತ್ತು. ಸ್ವಿಚ್ ಹಾಕಿದಾಗ ಅದಕ್ಕೆ ಗೊತ್ತಿರುತ್ತಿದ್ದದ್ದು ತನ್ನ ನೆಟ್‌ವರ್ಕ್ ಕಾರ್ಡಿನ ಸಂಖ್ಯೆ ಮಾತ್ರ. ‘ನನ್ನ ಐಪಿ ವಿಳಾಸ ಯಾವುದು?’ ಎಂದು ಲ್ಯಾಬಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಈ ಕೂಗಿಗೆ 1984ರಲ್ಲಿ ಗೊತ್ತುಮಾಡಿದ ನಿಯಮವೇ ರಾರ್ಪ್. ವಿಳಾಸ ಸಿಕ್ಕ ಮೇಲೆ ಟಿಎಫ್‌ಟಿಪಿಯಲ್ಲಿ ಒಂದು ಪುಟ್ಟ ಬೂಟ್ ಫೈಲು, ಆಮೇಲೆ ಎನ್‌ಎಫ್‌ಎಸ್‌ನಲ್ಲಿ ಇಡೀ ಫೈಲ್ ವ್ಯವಸ್ಥೆ. ಆ ಬೂಟ್ ಫೈಲಿಗೆ ಹೆಸರು ಕೊಡುತ್ತಿದ್ದ ಬಗೆಯೇ ಸೊಗಸು: ಐಪಿ ವಿಳಾಸವನ್ನೇ ಹದಿನಾರರ ಲೆಕ್ಕದಲ್ಲಿ ಬರೆದರೆ ಅದೇ ಹೆಸರು. 192.168.1.10 ಎಂಬುದು ಸಿ0ಎ8010ಎ ಆಗುತ್ತದೆ. ಇವತ್ತಿನ ಪಿಎಕ್ಸ್‌ಇ-ಲಿನಕ್ಸ್ ಎಂಬ ಬೂಟ್ ಲೋಡರ್ ಕೂಡ ತನ್ನ ಕಾನ್ಫಿಗ್ ಫೈಲನ್ನು ಅದೇ ಹೆಸರಿನಲ್ಲಿ ಹುಡುಕುತ್ತದೆ. ಸಿಗದಿದ್ದರೆ ಕೊನೆಯಿಂದ ಒಂದೊಂದೇ ಅಕ್ಷರ ಬಿಟ್ಟು ಮತ್ತೆ ಹುಡುಕುತ್ತದೆ. ಇಂಟೆಲ್ 1990ರ ದಶಕದ ಕೊನೆಗೆ ಪಿಎಕ್ಸ್‌ಇಯನ್ನು ರೂಪಿಸಿದ ಮೇಲೆ ನೆಟ್‌ವರ್ಕಿನಿಂದ ಬೂಟ್ ಆಗುವ ಈ ಸೌಕರ್ಯ ಸಾಮಾನ್ಯ ಪಿಸಿಗಳಿಗೂ ಇಳಿಯಿತು. ಅಂದರೆ ನಮ್ಮ ಲ್ಯಾಬುಗಳ ಬಹುತೇಕ ಯಂತ್ರಗಳಿಗೆ ಈ ವಿದ್ಯೆ ಬರುತ್ತದೆ, ಬಯೋಸ್‌ನಲ್ಲಿ ಆನ್ ಮಾಡಿದವರು ಕಡಿಮೆ, ಅಷ್ಟೆ.

ಸರ್ವರ್ ಕೆಟ್ಟರೆ ಇಡೀ ಲ್ಯಾಬೇ ಮಲಗುತ್ತದಲ್ಲ ಎಂಬುದು ಮೊದಲ ಆಕ್ಷೇಪ. ನಿಜ, ಮಲಗುತ್ತದೆ. ಆದರೆ ಇಪ್ಪತ್ತು ಡಿಸ್ಕುಗಳ ಲ್ಯಾಬು ಮಲಗುವುದು ಹೇಗೆಂದು ನೋಡಿ. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗಿ ಬಂದು ಮಾಡುವಾಗ ಬರೆಯುತ್ತಿದ್ದ ಫೈಲು ಅರ್ಧಕ್ಕೆ ನಿಂತು, ಇಂದು ಒಂದು, ನಾಳೆ ಇನ್ನೊಂದು ಯಂತ್ರ ಬೂಟ್ ಆಗುವುದಿಲ್ಲ. ಡಿಸ್ಕಿಲ್ಲದ ಯಂತ್ರದಲ್ಲಿ ಹಾಗೆ ಕೆಡಲು ಏನೂ ಇರುವುದಿಲ್ಲ. ಎಲ್‌ಟಿಎಸ್‌ಪಿಯಂಥ ವ್ಯವಸ್ಥೆಯಲ್ಲಿ ಸರ್ವರಿನಿಂದ ಬರುವ ಇಮೇಜು ಓದುವುದಕ್ಕೆ ಮಾತ್ರ, ಬರೆಯುವುದೆಲ್ಲ ರ‍್ಯಾಮಿಗೆ. ಮಕ್ಕಳ ಕಡತಗಳು ಸರ್ವರಿನಲ್ಲಿ. ಗ್ರೀಸ್‌ನ ಶಾಲೆಗಳು ಎಲ್‌ಟಿಎಸ್‌ಪಿಯನ್ನು ವ್ಯಾಪಕವಾಗಿ ಬಳಸಿವೆ. ಹಾಗಾಗಿ ಯುಪಿಎಸ್ ಬೇಕಾದದ್ದು ಸರ್ವರಿಗೆ ಮತ್ತು ನೆಟ್‌ವರ್ಕ್ ಸ್ವಿಚ್ಚಿಗೆ. ಇಮೇಜು ಒಂದೇ ಫೈಲು. ಮತ್ತೊಂದು ಯಂತ್ರವನ್ನು ಬದಲಿ ಸರ್ವರಾಗಿ ಸಿದ್ಧಮಾಡಿ ಅದರ ಪ್ರತಿ ಇಟ್ಟುಕೊಳ್ಳಬಹುದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿಸಿ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳಿಸಿದ್ದೂ ನನಗೆ ಇದನ್ನೇ ನೆನಪಿಸುತ್ತದೆ: ಜೋಪಾನ ಮಾಡಬೇಕಾದದ್ದನ್ನು ಒಂದು ಕಡೆ ಇಟ್ಟು ಚೆನ್ನಾಗಿ ಜೋಪಾನ ಮಾಡುವುದು. ಎಸ್‌ಎಸ್‌ಡಿ ಅಗ್ಗವಲ್ಲವೇ ಎನ್ನುವವರು ಡಿಸ್ಕಿನ ಬೆಲೆ ಮಾತ್ರ ನೋಡುತ್ತಾರೆ. ಇಪ್ಪತ್ತು ಡಿಸ್ಕು ಎಂದರೆ ಇಪ್ಪತ್ತು ಬಾರಿ ಅಪ್‌ಡೇಟ್, ಇಪ್ಪತ್ತು ಬಗೆಯ ರಿಪೇರಿ. ಆ ಕೆಲಸ ಕಂಪ್ಯೂಟರ್ ಮೇಷ್ಟ್ರ ತಲೆಗೇ ಬರುತ್ತದೆ.

ನಿಧಾನವಾಗುತ್ತದೆ ಎಂಬ ದೂರಿಗೆ ಅಂದಾಜಿನ ಬದಲು ಲೆಕ್ಕ ಹಾಕಬೇಕು. ಇಪ್ಪತ್ತು ಯಂತ್ರಗಳು ಒಟ್ಟಿಗೆ ಎದ್ದು ತಲಾ 200 ಎಂಬಿ ಎಳೆದರೆ 4,000 ಎಂಬಿ. ಸರ್ವರಿನ ಕೊಂಡಿ 100 ಎಂಬಿಪಿಎಸ್ ಆದರೆ ಸೆಕೆಂಡಿಗೆ 12 ಎಂಬಿ, ಅಂದರೆ ಐದೂವರೆ ನಿಮಿಷ, ಪಿರಿಯಡ್ಡೇ ಹಾಳು. ಅದೇ ಗಿಗಾಬಿಟ್ ಆದರೆ ಅರ್ಧ ನಿಮಿಷ ಚಿಲ್ಲರೆ. ದುಡ್ಡು ಖರ್ಚು ಮಾಡುವುದಿದ್ದರೆ ಒಳ್ಳೆಯ ಸ್ವಿಚ್ಚಿಗೆ ಮಾಡಿ. ಟಿಎಫ್‌ಟಿಪಿಯ ಮೇಲೆ ದೊಡ್ಡ ಹೊರೆ ಹಾಕಲೂಬಾರದು: ಮೂಲ ನಿಯಮದಲ್ಲಿ ಅದು 512 ಬೈಟಿನ ತುಂಡು ಕಳಿಸಿ, ಮುಟ್ಟಿತೆಂಬ ಉತ್ತರ ಬರುವವರೆಗೆ ಕಾಯುತ್ತದೆ, ತುಂಡುಗಳ ಎಣಿಕೆ 65,535ಕ್ಕೆ ಮುಗಿಯುವುದರಿಂದ 32 ಎಂಬಿ ಆಚೆಗೆ ತಡಬಡಿಸುತ್ತದೆ. ಐಪಿಎಕ್ಸ್‌ಇ ಎಂಬ ಬೂಟ್ ತಂತ್ರಾಂಶ ತಂದು ಎಚ್‌ಟಿಟಿಪಿಗೆ ದಾಟಿದರೆ ಈ ತಕರಾರಿಲ್ಲ. ಬ್ರಾಡ್‌ಬ್ಯಾಂಡ್ ರೂಟರ್ ಆಗಲೇ ಐಪಿ ಹಂಚುತ್ತಿದ್ದರೆ ಪಕ್ಕದಲ್ಲಿ ಇನ್ನೊಂದು ಡಿಎಚ್‌ಸಿಪಿ ಇಡಬೇಡಿ. ಡಿಎನ್‌ಎಸ್‌ಮಾಸ್ಕ್ ತಂತ್ರಾಂಶವನ್ನು ಪ್ರಾಕ್ಸಿಯಾಗಿ ಓಡಿಸಿದರೆ ಅದು ಬೂಟ್ ವಿವರವನ್ನಷ್ಟೇ ಹೇಳುತ್ತದೆ.

ಲಿನಕ್ಸ್ ಬಂದರೆ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಹೋಗುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಬೆರಳಿಗೆ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿಯೂ ಇದೆ, ಟೈಪಿಂಗಿಗೆ ತೊಂದರೆಯಿಲ್ಲ. ಹಳೆಯ ಆಸ್ಕಿ ನುಡಿ ಫಾಂಟಿನ ಕಡತಗಳದ್ದೇ ಕಷ್ಟ; ಅವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಆ ಕೆಲಸ ಹೇಗಿದ್ದರೂ ಇಂದಲ್ಲ ನಾಳೆ ಆಗಲೇಬೇಕಾದದ್ದು. ವಾಣಿಜ್ಯ ವಿಭಾಗದ ಟ್ಯಾಲಿಗೆ ಮಾತ್ರ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಅದು ವಿಂಡೋಸ್ ಬೇಡುತ್ತದೆ. ಆ ವಿಭಾಗವಿರುವ ಕಾಲೇಜು ಲ್ಯಾಬಿನಲ್ಲಿ ಒಂದು ಸಾಲು ಯಂತ್ರಗಳಿಗೆ ಡಿಸ್ಕ್ ಉಳಿಸಿ, ಉಳಿದ ಸಾಲುಗಳದ್ದನ್ನು ತೆಗೆಯಲಿ. ತೆಗೆದ ಡಿಸ್ಕುಗಳಲ್ಲಿ ಗಟ್ಟಿಯಿರುವ ಎರಡು ಸರ್ವರಿನ ಬ್ಯಾಕಪ್ಪಿಗೆ ಬರುತ್ತವೆ.