ಬೇತಮಂಗಲದ ಚಳಿಗೆ ಯಾವ ದಾರ

ಪುಷ್ಯ ಮಾಸದ ಬೆಳಗ್ಗೆ ಆರೂವರೆಗೆ ಕೋಲಾರ ಜಿಲ್ಲೆಯ ಬೇತಮಂಗಲದ ಕೆರೆ ಏರಿಯ ಮೇಲೆ ನಿಂತು ರೀಲಿನಿಂದ ದಾರ ಎಳೆದರೆ ಅದು ನೇರವಾಗಿ ಬರುವುದಿಲ್ಲ. ರಾತ್ರಿಯೆಲ್ಲ ಸುತ್ತಿಕೊಂಡು ಮಲಗಿದ್ದ ಆಕಾರದಲ್ಲೇ ಎದ್ದು ಬಂದು, ಸ್ಪ್ರಿಂಗಿನ ಹಾಗೆ ಉಂಗುರ ಉಂಗುರವಾಗಿ ಕಾಲ ಬಳಿ ಬೀಳುತ್ತದೆ. ಎಸೆದರೆ ಒಂದು ಉಂಗುರ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಗಂಟು ಹೋಗಿ ಕೋಲಿನ ಮೊದಲ ಬಳೆಗೆ ಬಡಿದು ನಿಲ್ಲುತ್ತದೆ. ಅದೇ ದಾರ ಹತ್ತೂವರೆಯ ಬಿಸಿಲಿಗೆ ಯಾವ ತಕರಾರೂ ಇಲ್ಲದೆ ಸರಿಯುತ್ತದೆ. ಕೆರೆ ಬತ್ತಿದ ವರ್ಷಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಈ ನಾಲ್ಕು ಗಂಟೆಗಳ ಅಂತರವನ್ನು ಅರ್ಥ ಮಾಡಿಕೊಳ್ಳುವುದರಲ್ಲೇ ನನ್ನ ಹತ್ತು ಚಳಿಗಾಲ ಹೋಗಿವೆ.

ಗಾಳ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು: ಕೋಲು, ದಾರ, ಬೆಂಡು, ಕೊಕ್ಕೆ, ಎರೆಹುಳು. ಅಲ್ಲಿ ದಾರಕ್ಕೆ ದೂರ ಹೋಗುವ ಕಷ್ಟವಿಲ್ಲ, ಸೀಸದ ಗುಂಡು ಅದನ್ನು ಎಳೆದುಕೊಂಡು ಹೋಗುತ್ತದೆ. ನಾನು ಹಾಕುವುದು ಫ್ಲೈ ಗಾಳ. ಅದರಲ್ಲಿ ಕೊಕ್ಕೆಗೆ ಕಟ್ಟುವುದು ಕೋಳಿಯ ಗರಿ, ಮೊಲದ ತುಪ್ಪಳ. ತೂಕವೇ ಇಲ್ಲದ ಅದನ್ನು ಗಾಳಿಯಲ್ಲಿ ಒಯ್ಯುವ ಭಾರ ದಾರದ್ದೇ. ಹಾಗಾಗಿ ಮುಂದೆ ಸುಮಾರು 9 ಮೀಟರಿನ ದಪ್ಪ ದಾರದ ತುಂಡು. ಅದನ್ನು ತಲೆ ಎನ್ನೋಣ. ಅದರ ಹಿಂದೆ ತೆಳ್ಳಗಿನ, ಹಗುರವಾದ, 30 ಮೀಟರಿನಷ್ಟು ರನ್ನಿಂಗ್ ಲೈನ್. ತಲೆ ಹಾರಿದಾಗ ಅದರ ಬೆನ್ನಿಗೆ ಓಡುವುದು ಇದರ ಕೆಲಸ. ನಾನು ಇದನ್ನು ಓಡುದಾರ ಎಂದು ಕರೆದುಕೊಂಡಿದ್ದೇನೆ.

ಈ ಏರ್ಪಾಡು ಬೆಳೆದದ್ದು ಅಮೆರಿಕದಲ್ಲಿ, ಸಾನ್ ಫ್ರಾನ್ಸಿಸ್ಕೋದ ಎಸೆತದ ಪಂದ್ಯಗಾರರ ಕೈಯಲ್ಲಿ, ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ. ಪಂದ್ಯದಲ್ಲಿ ಅಳೆಯುವುದು ದೂರವನ್ನು. ಹುಟ್ಟಿನ ಆ ಗುಣ ಇನ್ನೂ ಬಿಟ್ಟಿಲ್ಲ. ಓಡುದಾರದ ಬಗ್ಗೆ ಯಾರೇ ಮಾತಾಡಲಿ, ಎಷ್ಟು ದೂರ ಹೋಗುತ್ತದೆ ಎಂಬುದೇ ಮೊದಲ ಪ್ರಶ್ನೆ. ಬೇತಮಂಗಲದಲ್ಲಿ ಡಿಸೆಂಬರ್ ತಿಂಗಳ ಮೀನು ಈ ಪ್ರಶ್ನೆಗೆ ಸೊಪ್ಪು ಹಾಕುವುದಿಲ್ಲ. ಚಳಿಗೆ ಜಿಲೇಬಿ ಮೀನು ಆಳಕ್ಕೆ ಇಳಿದು ಮಂಕಾಗುತ್ತದೆ. ರೋಹು, ಕಾಟ್ಲಾಗಳಿಗೂ ಹಸಿವು ಕಡಿಮೆ. ಶೀತ ದೇಶದಿಂದ ಬಂದ ಸಾಮಾನ್ಯ ಗೆಂಡೆಗೆ ಮಾತ್ರ ಇದು ಚಳಿಯೇ ಅಲ್ಲ, ಆದರೆ ಅದು ಬಾಯಿ ಹಾಕುವ ರೀತಿಯೇ ಮೆತ್ತಗೆ: ಹೀರಿ ನೋಡುತ್ತದೆ, ಹಿಡಿಸದಿದ್ದರೆ ಉಗುಳುತ್ತದೆ. ಇವನ್ನು ಹಿಡಿಯಬೇಕಾದರೆ ತಲೆಯನ್ನು ಮುಳುಗಲು ಬಿಟ್ಟು, ಓಡುದಾರವನ್ನು ಒಂದೊಂದೇ ಗೇಣು ಎಳೆದುಕೊಳ್ಳಬೇಕು. ದಾರ ಹೋಗುವುದಕ್ಕೆ ಮೂರು ಸೆಕೆಂಡು, ಬರುವುದಕ್ಕೆ ಮೂರು ನಿಮಿಷ. ಆ ಮೂರು ನಿಮಿಷವೂ ಅದು ನನ್ನ ಎಡಗೈಯ ತೋರುಬೆರಳಿನ ಮೇಲೆ ಹಾದು ಬರುತ್ತಿರುತ್ತದೆ. ಮೀನು ಮುಟ್ಟಿದ್ದು ಗೊತ್ತಾಗುವುದು ಅಲ್ಲೇ. ನನ್ನ ಅಳತೆಗೋಲು ಈ ಮೂರು ನಿಮಿಷದ್ದು.

ಓಡುದಾರಕ್ಕೆ ನಾನು ತೂಗಿ ನೋಡುವುದು ಮೂರು ಬಗೆ. ಹೆಣೆದ ಪಾಲಿಥಿಲೀನ್ ದಾರದಿಂದ ಶುರು ಮಾಡುತ್ತೇನೆ, ಏಕೆಂದರೆ ಅದರ ಮಾತು ಬೇಗ ಮುಗಿಯುತ್ತದೆ. ಚಳಿಗೆ ಅದು ಮುದುಡುವುದಿಲ್ಲ, ಸುರುಳಿಯ ನೆನಪನ್ನು ಇಟ್ಟುಕೊಳ್ಳುವುದಿಲ್ಲ, ಹಿಗ್ಗುವುದಿಲ್ಲ. ಕಾಗದದ ಮೇಲೆ ಇದೇ ಗೆಲ್ಲಬೇಕು. ಕೈಗೆ ಬಂದಾಗ ಕಥೆ ಬೇರೆ. ಕೂದಲಿನಷ್ಟು ತೆಳ್ಳಗಿರುವ ಇದು ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಇದೆಯೋ ಇಲ್ಲವೋ ಎಂದೇ ಗೊತ್ತಾಗುವುದಿಲ್ಲ. ಮೀನು ಎಳೆದಾಗ ಮಾತ್ರ ಚರ್ಮ ಕೊಯ್ದು ತಾನಿದ್ದೇನೆ ಎನ್ನುತ್ತದೆ. ಏರಿಯ ಜಾಲಿಮುಳ್ಳಿಗೆ ಒಮ್ಮೆ ಸುತ್ತಿಕೊಂಡರೆ ಬಿಡಿಸಲಾಗದು. ನಮ್ಮ ಕೆರೆಗಳ ಪಾಚಿ ಅದರ ಹೆಣಿಗೆಯೊಳಗೆ ಕೂತುಬಿಡುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು, 2021ರ ಮಳೆಗೆ ಎಷ್ಟೋ ಕೆರೆಗಳು ಕೋಡಿ ಬಿದ್ದವು. ವರ್ಷಗಟ್ಟಲೆ ಬಿರುಕು ಬಿಟ್ಟಿದ್ದ ಅಂಗಳದಲ್ಲಿ ನೀರು ಕಂಡದ್ದು ಸಣ್ಣ ಸಂತೋಷವಲ್ಲ. ನೀರಿನ ಜೊತೆ ಹಸಿರು ಲೋಳೆಯೂ ಬರುತ್ತದೆ, ದಾರ ಆರಿಸುವವನು ಅದನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು. ಹೆಣೆದ ದಾರವನ್ನು ನಾನು ಎರಡೇ ಬೆಳಗ್ಗೆ ಬಳಸಿ ಬಿಟ್ಟೆ.

ಇನ್ನು ತಂಗೂಸಿ. ಕೆ.ಜಿ.ಎಫ್.ನಲ್ಲಿ ಗಾಳಕ್ಕೆ ಮೂರು ಭಾಷೆ: ತಮಿಳಿನವರಿಗೆ ತೂಂಡಿಲ್, ತೆಲುಗಿನವರಿಗೆ ಗಾಲಂ, ನಮಗೆ ಗಾಳ. ನೈಲಾನ್ ದಾರಕ್ಕೆ ಮಾತ್ರ ತಂಗೂಸಿ ಎಂದರೂ ನರಂಬು ಎಂದರೂ ಅಂಗಡಿಯವನು ಕೈ ಹಾಕುವುದು ಒಂದೇ ಉಂಡೆಗೆ. ನರಂಬು ಎಂದರೆ ನರ. ಈ ಹೆಸರಿಟ್ಟವನು ದಾರವನ್ನು ಬೆರಳಲ್ಲಿ ಹಿಡಿದೇ ಇಟ್ಟಿರಬೇಕು. ಮೀನಿಗೂ ಮನುಷ್ಯನಿಗೂ ನಡುವೆ ಅದು ನರದ ಕೆಲಸವನ್ನೇ ಮಾಡುತ್ತದೆ. ಓಡುದಾರಕ್ಕೆ ನಾನು ಕೊಳ್ಳುವುದು ಅರ್ಧ ಮಿಲಿಮೀಟರ್ ದಪ್ಪದ್ದು. ಅಗ್ಗ. ಬಳೆಗಳಲ್ಲಿ ಜಾರುವುದರಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ದೋಷ ಎರಡು. ಒಂದು, ಹಿಗ್ಗುತ್ತದೆ: ದೂರದ ಮೆಲ್ಲಗಿನ ಮುಟ್ಟು ಬೆರಳಿಗೆ ಬರುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಎರಡು, ಮೊದಲೇ ಹೇಳಿದ ಆ ಸ್ಪ್ರಿಂಗು.

ಮೂರನೆಯದು ಲೇಪನದ ದಾರ. ಒಳಗೆ ಎಳೆ, ಮೇಲೆ ಪಿವಿಸಿಯಂಥ ಪ್ಲಾಸ್ಟಿಕ್ಕಿನ ಹೊದಿಕೆ. ದಪ್ಪ ಮುಕ್ಕಾಲು ಮಿಲಿಮೀಟರಿನ ಆಸುಪಾಸು. ಬೆಲೆಯಲ್ಲಿ ತಂಗೂಸಿಯ ಹತ್ತಾರು ಪಟ್ಟು. ದೂರದಲ್ಲಿ ಸೋಲುತ್ತದೆ, ಬೆರಳಿನಲ್ಲಿ ಗೆಲ್ಲುತ್ತದೆ. ಹಿಡಿತ ಸಿಗುತ್ತದೆ, ಹಿಗ್ಗು ಕಡಿಮೆ. ಏರಿಯ ಒಳಮೈಗೆ ಹೊದಿಸಿದ ಕಲ್ಲುಗಳ ಸಂದಿಗೆ ತಂಗೂಸಿ ಇಳಿದಷ್ಟು ಸುಲಭವಾಗಿ ಇದು ಇಳಿಯುವುದಿಲ್ಲ. (ಆ ಸಂದಿಗಳ ಕಾಟಕ್ಕೆ ನಾನು ಸೊಂಟಕ್ಕೆ ಒಂದು ಬಿದಿರಿನ ಪುಟ್ಟಿ ಕಟ್ಟಿಕೊಂಡು ದಾರವನ್ನು ಅದರೊಳಗೆ ಬಿಡುತ್ತೇನೆ. ನೋಡಿದವರು ಹೂ ಕೀಳುವವನು ಎಂದುಕೊಳ್ಳುತ್ತಾರೆ.)

ಈ ಲೇಪನದ ದಾರಗಳಲ್ಲೇ ಮೋಸ ಹೋಗುವ ಜಾಗ ಇರುವುದು. ಡಬ್ಬಿಯ ಮೇಲೆ ಎರಡು ಬಗೆಯ ಹೆಸರು ಇರುತ್ತದೆ: ಟ್ರಾಪಿಕಲ್, ಕೋಲ್ಡ್ ವಾಟರ್. ಉಷ್ಣ ದೇಶದ್ದಕ್ಕೆ ಗಡುಸು ಲೇಪನ; ಬಿಸಿಲಲ್ಲಿ ಅಂಟದೆ ನಿಲ್ಲುತ್ತದೆ, ಚಳಿಗೆ ತಂತಿಯಾಗುತ್ತದೆ. ತಣ್ಣೀರಿನದಕ್ಕೆ ಮೆದು ಲೇಪನ. ಹಿಮ ಕರಗಿದ ನೀರಲ್ಲೂ ಬಳುಕುತ್ತದೆ, ಬಿಸಿಲಿಗೆ ಬಂದರೆ ಹಳೆಯ ಬೆಲ್ಲದಂತೆ ಜಿಗುಟುತ್ತದೆ. ಪುಷ್ಯದ ಬೆಳಗಿನಲ್ಲಿ ಬೆರಳು ಮಡಚಲಾಗದೆ ನಿಂತ ನಾನು ಮೊದಲ ವರ್ಷ ತಣ್ಣೀರಿನದನ್ನೇ ತರಿಸಿದೆ. ಒಂಬತ್ತು ಗಂಟೆಯವರೆಗೆ ಸೊಗಸಾಗಿತ್ತು. ಹನ್ನೊಂದಕ್ಕೆ ಏರಿಯ ಕಲ್ಲು ಕಾದಾಗ ದಾರ ಬಳೆಗಳಿಗೆ ಅಂಟಿಕೊಂಡು, ತಲೆ ಅರ್ಧ ದಾರಿಯಲ್ಲಿ ಕುಸಿದು ಬೀಳತೊಡಗಿತು. ದಾರ ಕೆಟ್ಟದ್ದೆಂದು ಅದನ್ನು ಬೈದೆ.

ಕೆಟ್ಟದ್ದು ನನ್ನ ಓದು ಎಂದು ತಿಳಿದದ್ದು ಎರಡು ವರ್ಷದ ಮೇಲೆ. ಥರ್ಮಾಕೋಲ್ ತೆಪ್ಪದ ಮೇಲೆ ಕೂತು ಬಲೆ ಎತ್ತುವ ಒಬ್ಬರು, ಕೆರೆಯ ಮೀನುಹಕ್ಕು ಹಿಡಿದವರ ಕಡೆಯವರು, ಬೆಳಗ್ಗೆ ದಡಕ್ಕೆ ಬಂದಾಗ ನನ್ನ ಮೂರೂ ದಾರಗಳನ್ನು ಅವರ ಮುಂದೆ ಇಟ್ಟು ಯಾವುದು ಒಳ್ಳೆಯದು ಎಂದು ಕೇಳಿದೆ. ಅವರು ಮುಟ್ಟಿ ನೋಡುವ ಮುಂಚೆ ಮೂರನ್ನೂ ನೀರಿಗೆ ಅದ್ದಿದರು. ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಆಮೇಲೆ ಬೆರಳಿಗೆ ಸುತ್ತಿ ನೋಡಿದರು. ನಾನೂ ಕೈ ಅದ್ದಿದೆ. ನೀರು ಗಾಳಿಗಿಂತ ಬೆಚ್ಚಗಿತ್ತು! ಕೆರೆಯ ಮೇಲೆ ಹಬೆ ಆಡುತ್ತಿದ್ದದ್ದನ್ನು ವರ್ಷಗಳಿಂದ ಕಣ್ಣಾರೆ ನೋಡುತ್ತಿದ್ದೆ. ಅದರ ಅರ್ಥ ತಲೆಗೆ ಹೋಗಿರಲಿಲ್ಲ.

ಇದೇ ಇಡೀ ವಿಷಯದ ಕೀಲಿ. ಸ್ಕಾಟ್ಲೆಂಡಿನ ಸಾಲ್ಮನ್ ಹೊಳೆಯಲ್ಲಿ ಫೆಬ್ರವರಿಯ ಚಳಿ ಎಂದರೆ ನೀರಿನ ಚಳಿ. ದಾರ ಎಷ್ಟು ಹೊತ್ತು ನೀರಲ್ಲಿದ್ದರೆ ಅಷ್ಟು ಬಿಗಿಯುತ್ತದೆ, ಮೇಲೆ ಬಂದರೆ ಬಳೆಗಳಲ್ಲಿ ಮಂಜುಗಟ್ಟುತ್ತದೆ. ತಣ್ಣೀರಿನ ದಾರ ಆ ಸಂಕಟಕ್ಕೆ ಹುಟ್ಟಿದ ಮದ್ದು, ಅಲ್ಲಿ ಅದು ಸರಿಯೇ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ನಮ್ಮ ಬಯಲಿನ ಚಳಿ ಗಾಳಿಯದು. ಶುಭ್ರ ಆಕಾಶದ ರಾತ್ರಿಯಲ್ಲಿ ನೆಲ ಬೇಗ ಬಿಸಿ ಕಳೆದುಕೊಳ್ಳುತ್ತದೆ, ಕೆರೆ ಹಗಲಿನ ಬಿಸಿಯನ್ನು ಹೊದ್ದುಕೊಂಡೇ ಇರುತ್ತದೆ. ಹೀಗಾಗಿ ನಮ್ಮಲ್ಲಿ ದಾರ ಮರಗಟ್ಟುವುದು ರೀಲಿನಲ್ಲಿ, ಚೀಲದಲ್ಲಿ, ಬಂಗಾರಪೇಟೆಯಿಂದ ಬೈಕಿನ ಹಿಂದೆ ಕಟ್ಟಿಕೊಂಡು ಬರುವ ದಾರಿಯಲ್ಲಿ. ಅದನ್ನು ಮೆತ್ತಗಾಗಿಸುವುದು ಕೆರೆಯೇ. ಹತ್ತು ನಿಮಿಷ ನೆನೆಸಿದರೆ ಲೇಪನ ಸಡಿಲಾಗುತ್ತದೆ. ತಂಗೂಸಿಗಂತೂ ಎರಡು ಲಾಭ, ಬೆಚ್ಚಗಾಗುವುದರ ಜೊತೆಗೆ ನೈಲಾನ್ ನೀರು ಕುಡಿದು ಬಳುಕುತ್ತದೆ. ತುಸು ಬಲ ಕಳೆದುಕೊಳ್ಳುವುದೂ ನಿಜ, ಆದರೆ ಅರ್ಧ ಮಿಲಿಮೀಟರಿನ ದಾರಕ್ಕೆ ನಮ್ಮ ಗೆಂಡೆ ಅಂಥ ಪರೀಕ್ಷೆ ಒಡ್ಡುವುದಿಲ್ಲ.

ಆದ್ದರಿಂದ ನನ್ನ ತೀರ್ಪು: ಮಧ್ಯಮ ಗಡುಸಿನ ಲೇಪನದ ತೆಳ್ಳನೆಯ ಓಡುದಾರ ಮೊದಲು, ನೆನೆಸಿ ಎಳೆದ ತಂಗೂಸಿ ಅದರ ಹಿಂದೆಯೇ. ಹಣದ ಮುಖ ನೋಡಬೇಕಾದವರಿಗೆ ತಂಗೂಸಿಯೇ ಸಾಕು, ಸಂಕೋಚ ಬೇಡ. ತಣ್ಣೀರಿನ ಹೆಸರಿನದು ನಮ್ಮ ಯಾವ ಕೆರೆಗೂ ಬೇಡ.

ದಾರದ ನೆನಪಿನ ಬಗ್ಗೆ ಇನ್ನೂ ಒಂದು ಮಾತಿದೆ, ಅದು ನನಗೆ ಬಂದದ್ದು ಕೆ.ಜಿ.ಎಫ್.ನ ಚಿನ್ನದ ಗಣಿಯಿಂದ. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಉಕ್ಕಿನ ಹಗ್ಗಗಳ ಮೇಲ್ವಿಚಾರಣೆಯಲ್ಲಿದ್ದವರು. ಮೂರು ಕಿಲೋಮೀಟರಿಗೂ ಆಳ ಹೋದ ಆ ಗಣಿಯಲ್ಲಿ ಜನರ ಜೀವ ತೊಟ್ಟಿಲಿನ ಮೇಲಿನ ಹಗ್ಗದಲ್ಲಿತ್ತು. ಹಗ್ಗವನ್ನು ಸಣ್ಣ ಗಾಲಿಗೆ ಸುತ್ತಬಾರದು, ಸುತ್ತಿದ್ದನ್ನು ಪಕ್ಕಕ್ಕೆ ಎಳೆದು ಬಿಡಿಸಬಾರದು ಎಂಬುದು ಮನೆಯಲ್ಲಿ ನಾವು ಬಟ್ಟೆ ಒಣಹಾಕುವ ಹಗ್ಗ ಸುತ್ತುವಾಗಲೂ ಅವರು ಹೇಳುತ್ತಿದ್ದ ಪಾಠ. ಗಾಲಿ ಸಣ್ಣದಾದಷ್ಟೂ ಬಾಗು ಬಿಗಿ, ಬಾಗು ಬಿಗಿಯಾದಷ್ಟೂ ನೆನಪು ಗಟ್ಟಿ. ಪಕ್ಕದಿಂದ ಎಳೆದರೆ ಪ್ರತಿ ಸುತ್ತಿಗೂ ಒಂದು ತಿರುಚು ಸೇರುತ್ತದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆ ವಿದ್ಯೆ ಬಹುಪಾಲು ಅದರೊಂದಿಗೇ ಮಣ್ಣಾಯಿತು ಎಂಬ ನೋವು ನನಗಿದೆ. ನನ್ನ ಮಟ್ಟಿಗೆ ಅದು ಹೀಗೆ ಉಳಿದಿದೆ: ಚಳಿಗಾಲದ ಮೂರು ತಿಂಗಳು ಓಡುದಾರವನ್ನು ರೀಲಿನಲ್ಲಿ ಮಲಗಿಸುವುದಿಲ್ಲ. ಸಂಜೆ ಬಿಚ್ಚಿ, ಮೊರದಗಲದ ಸಡಿಲ ಸುತ್ತು ಮಾಡಿ ಗೋಡೆಯ ಗೂಟಕ್ಕೆ ತೂಗುಹಾಕುತ್ತೇನೆ. ಬೆಳಗ್ಗೆ ನೆನೆಸಿ, ಒಂದು ತುದಿ ಗಿಡಕ್ಕೆ ಕಟ್ಟಿ, ಹಿಂದಕ್ಕೆ ನಡೆಯುತ್ತಾ ನಿಧಾನ ಎಳೆದು ಬಿಡುತ್ತೇನೆ. ಸ್ಪ್ರಿಂಗು ಬಹುಪಾಲು ಅಲ್ಲೇ ಸಾಯುತ್ತದೆ. ಗಣಿಯ ಸೈನೈಡ್ ಗುಡ್ಡಗಳ ಕಡೆಯಿಂದ ಗಾಳಿ ಬೀಸಿದ ದಿನ ದಾರವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಉಂಟು. ಕಲ್ಲನ್ನು ಅರೆದು ಸುರಿದ ಆ ಬಿಳಿಪುಡಿ ಲೇಪನವನ್ನು ಅರದಂತೆ ಉಜ್ಜುತ್ತದೆ.

ಕೆರೆಯ ಗಾಳದ ಬಗ್ಗೆ ಬರೆದವರಲ್ಲಿ ಹೆನ್ರಿ ಸಲಿವನ್ ಥಾಮಸ್ ಅವರನ್ನು ಇಲ್ಲಿ ನೆನೆಯಬೇಕು. ಮದ್ರಾಸ್ ಪ್ರಾಂತ್ಯದ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿದ್ದ ಅವರ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಬಂತು. 1887ರಲ್ಲಿ ಕೆರೆಗಳಿಗೆಂದೇ ಇನ್ನೊಂದು ಪುಸ್ತಕ, 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ'. ಹೊಳೆಯ ವಿದ್ಯೆಯನ್ನು ಕೆರೆಗೆ ಹಾಗೇ ತಂದರೆ ನಡೆಯದು, ಕೆರೆಗೆ ಅದರದೇ ಪುಸ್ತಕ ಬೇಕು ಎಂದು ಒಬ್ಬ ಮನುಷ್ಯ ಆಗಲೇ ಕಂಡುಕೊಂಡಿದ್ದ ಎಂಬುದು ನನಗೆ ದೊಡ್ಡ ಸಂಗತಿ. ಅವರ ಕಾಲದ ಒಳ್ಳೆಯ ದಾರವೆಂದರೆ ಎಣ್ಣೆ ಹಾಕಿದ ರೇಷ್ಮೆ. ಕೊಕ್ಕೆಯ ಬಳಿಯ ತುದಿಗೆ ರೇಷ್ಮೆಹುಳುವಿನ ಒಡಲಿನ ಗ್ರಂಥಿಯನ್ನೇ ಎಳೆದು ಮಾಡಿದ ಗಟ್. ನೈಲಾನ್ ಲೋಕಕ್ಕೆ ಪ್ರಕಟವಾದದ್ದು 1938ರಲ್ಲಿ. ಮನೆಮನೆಯಲ್ಲಿ ಹುಳು ಸಾಕಿದ ಕೋಲಾರ ಜಿಲ್ಲೆಯಲ್ಲಿ ಕೂತು ನಾನು ಕೊಳ್ಳುವುದು ಪ್ಲಾಸ್ಟಿಕ್ ದಾರ ಎಂಬುದು ಮನಸ್ಸಿಗೆ ಚುಚ್ಚುತ್ತದೆ. ಹಿಂದೊಮ್ಮೆ ಹುರಿಮಾಡಿದ ರೇಷ್ಮೆಗೆ ಅಗಸೆ ಎಣ್ಣೆ ಕುಡಿಸಿ ಓಡುದಾರ ಮಾಡಿ ನೋಡಿದೆ. ಕೈಗೆ ಅದರಷ್ಟು ಹಿತವಾದದ್ದನ್ನು ನಾನು ಹಿಡಿದಿಲ್ಲ. ಆದರೆ ಪ್ರತಿ ಸಲವೂ ಬಿಚ್ಚಿ ಒಣಗಿಸಬೇಕು, ಒದ್ದೆ ಉಳಿದರೆ ಕೊಳೆಯುತ್ತದೆ. ಎರಡನೇ ತಿಂಗಳಿಗೆ ನನ್ನದು ನಡುವೆ ತುಂಡಾಯಿತು.

ರೇಷ್ಮೆ ಕೊಳೆಯುತ್ತದೆ ಎಂಬುದು ಅದರ ದೋಷವಾದರೆ, ತಂಗೂಸಿಯ ದೋಷ ಅದು ಕೊಳೆಯದಿರುವುದು. ಏರಿಯ ಕಲ್ಲುಗಳ ನಡುವೆ ಯಾರೋ ಬಿಟ್ಟುಹೋದ ನೈಲಾನಿನ ಸಿಕ್ಕು ವರ್ಷಗಟ್ಟಲೆ ಹಾಗೇ ಇರುತ್ತದೆ. ಅದರಲ್ಲಿ ಕಾಲು ಸಿಕ್ಕಿಸಿಕೊಂಡ ಒಂದು ಕೊಕ್ಕರೆಯನ್ನು ನಾನೂ ಆ ತೆಪ್ಪದವರೂ ಸೇರಿ ಬಿಡಿಸಿದ್ದೇವೆ. ದಾರ ಮೂಳೆಯವರೆಗೆ ಇಳಿದಿತ್ತು. ದಾರ ಆರಿಸುವಾಗ ಅದು ಕೊನೆಗೆ ಎಲ್ಲಿ ಬೀಳುತ್ತದೆ ಎಂಬುದನ್ನೂ ನೋಡಬೇಕಲ್ಲವೇ? ಈ ಒಂದು ಕಾರಣಕ್ಕೂ ಲೇಪನದ ದಾರ ನನ್ನ ಲೆಕ್ಕದಲ್ಲಿ ಮೇಲು: ದಪ್ಪ ಮೈ, ಎದ್ದು ಕಾಣುವ ಬಣ್ಣ, ಬಿದ್ದರೆ ಕಣ್ಣಿಗೆ ಬೀಳುತ್ತದೆ, ಬೆಲೆಬಾಳುವುದರಿಂದ ಯಾರೂ ಬಿಟ್ಟು ಹೋಗುವುದಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರೆ. ಅದರ ಮರುದಿನ ನಾನು ಆ ವರ್ಷದ ತಂಗೂಸಿಯನ್ನು ಗೂಟದಿಂದ ಇಳಿಸಿ, ಹಳೆಯ ಕತ್ತರಿಯಲ್ಲಿ ಬೆರಳುದ್ದದ ತುಂಡುಗಳಾಗಿ ಕತ್ತರಿಸಿ ಡಬ್ಬಿಗೆ ತುಂಬುತ್ತೇನೆ. ಲೇಪನದ್ದನ್ನು ಸೀಗೆ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಮತ್ತೆ ಅದೇ ಗೂಟಕ್ಕೆ ಹಾಕುತ್ತೇನೆ.