ಒಂದೇ ಕೈಯ ಪಾದರಸ

ಮೀಥೈಲ್ ಮರ್ಕ್ಯುರಿ ಎಂದರೆ ಜಪಾನಿನ ಮಿನಮಾತಾ ಕೊಲ್ಲಿಯ ವಿಷವೇರಿದ ಮೀನು, ಅದನ್ನು ತಿಂದು ನರಳಿದ ಕುಟುಂಬಗಳು ನೆನಪಾಗುತ್ತವೆ, ನೆನಪಾಗಲೇಬೇಕು. ಆದರೂ ಡಿಎನ್‌ಎ ಎದುರು ಈ ಅಣು ತೋರುವ ಅಚ್ಚುಕಟ್ಟುತನಕ್ಕೆ ನಾನು ಬೆರಗಾಗಿದ್ದೇನೆ.

ಪಾದರಸದ ಅಯಾನು ಎರಡು ಬಂಧಗಳನ್ನು ನೇರ ಗೆರೆಯಲ್ಲಿ, ಎದುರುಬದುರಾಗಿ ಚಾಚಲು ಇಷ್ಟಪಡುತ್ತದೆ. ಬರಿಯ ಅಯಾನಾದರೆ ಡಿಎನ್‌ಎಯ ಎರಡು ಥೈಮಿನ್ ಬೇಸ್‌ಗಳ ನಡುವೆ ಸೇತುವೆಯಾಗಿ ಕೂರಬಲ್ಲದು. ಮೀಥೈಲ್ ಮರ್ಕ್ಯುರಿಯಲ್ಲಿ ಒಂದು ಬದಿಯನ್ನು ಇಂಗಾಲ ಆಗಲೇ ಹಿಡಿದಿದೆ. ಉಳಿದದ್ದು ಒಂದೇ ಕೈ. ಅದು ಥೈಮಿನ್ ಅಥವಾ ಆರ್‌ಎನ್‌ಎಯಲ್ಲಿನ ಯುರಾಸಿಲ್‌ನ ಮೂರನೇ ಸ್ಥಾನದ ಸಾರಜನಕದಲ್ಲಿ, ಗ್ವಾನಿನ್‌ನ ಒಂದನೇ ಸ್ಥಾನದ ಸಾರಜನಕದಲ್ಲಿ ಇರುವ ಪ್ರೋಟಾನನ್ನು ಸರಿಸಿ ತಾನೇ ಕೂರುತ್ತದೆ. ಜೋಡಿ ಎಳೆಗಳನ್ನು ಹಿಡಿದಿಡುವ ಜಲಜನಕ ಬಂಧಕ್ಕೆ ಬೇಕಾದ ಜಾಗವೇ ಅದು! ಕುದಿಸದೆಯೇ ಸುರುಳಿ ಬಿಚ್ಚಿಕೊಳ್ಳುತ್ತದೆ. ಸಂಶೋಧಕರಾದ ಗ್ರುಯೆನ್‌ವೆಡೆಲ್ ಮತ್ತು ಡೇವಿಡ್ಸನ್ 1966ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು.

ಇನ್ನೂ ಚೆಂದದ ಸಂಗತಿಯೆಂದರೆ, ಈ ಹಿಡಿತ ಶಾಶ್ವತವಲ್ಲ. ಗಂಧಕವಿರುವ ಮರ್ಕ್ಯಾಪ್ಟೋಎಥನಾಲ್ ಬೆರೆಸಿದರೆ ಪಾದರಸ ಅದರತ್ತ ಹೊರಳುತ್ತದೆ, ಬೇಸ್‌ಗಳು ಮೊದಲಿನಂತಾಗುತ್ತವೆ. 1976ರಲ್ಲಿ ಬೈಲಿ ಮತ್ತು ಡೇವಿಡ್ಸನ್ ಇದೇ ಗುಣವನ್ನು, ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಅಗರೋಸ್ ಜೆಲ್‌ಗೆ ತಂದರು. ಮಡಿಕೆ ಬಿಚ್ಚಿದ ಆರ್‌ಎನ್‌ಎ ತುಣುಕುಗಳು ತಮ್ಮ ನಿಜವಾದ ಉದ್ದಕ್ಕೆ ತಕ್ಕಂತೆ ಓಡಿದವು. ಆ ಕಾಲದ ಪ್ರಯೋಗಾಲಯಗಳಿಗೆ ಅದು ದೊಡ್ಡ ವರ.

ಆವಿಯಾಗಿ ಉಸಿರಿಗೆ ಸೇರುವ ಈ ವಿಷವನ್ನು ಫಾರ್ಮಾಲ್ಡಿಹೈಡ್, ಗ್ಲೈಆಕ್ಸಾಲ್ ವಿಧಾನಗಳು ಬದಿಗೆ ಸರಿಸಿದವು. ಅದು ಸರಿಯಾದದ್ದೇ. ಆದರೆ ಒಂದು ಪ್ರೋಟಾನಿನ ಜಾಗವನ್ನಷ್ಟೇ ಹಿಡಿದು ಇಡೀ ಸುರುಳಿಯನ್ನು ಬಿಚ್ಚುವ, ಕೇಳಿದಾಗ ಜಾಗ ಬಿಟ್ಟುಕೊಡುವ ರಸಾಯನ ನನಗೆ ಇಂದಿಗೂ ಅತ್ಯಂತ ಸೊಗಸಾದದ್ದು.