ಒಂದೇ ಬಣ್ಣಕ್ಕೆ ಒಗ್ಗದ ಸೀಮೆ: ಕೋಲಾರ ಮತ್ತು ಭಾಷಾನಕ್ಷೆಗಳು

ಚರಿತ್ರೆ, ಜನಸಂಖ್ಯೆ ಮತ್ತು ಸಂಸ್ಕೃತಿಗಳ ವ್ಯತ್ಯಾಸವನ್ನು ನಕ್ಷೆಯ ಮೂಲಕ ತಿಳಿಸುವ ಕ್ರಮ ಶಾಲೆಯ ಅಟ್ಲಾಸಿನಿಂದ ಹಿಡಿದು ಜನಗಣತಿಯ ಪ್ರಕಟಣೆಗಳವರೆಗೆ ಬೇರೂರಿದೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ವರ್ಣನಕ್ಷೆ, ಅಂದರೆ ಒಂದು ಜಿಲ್ಲೆಯಲ್ಲಿ ಯಾವ ಭಾಷೆಯವರ ಸಂಖ್ಯೆ ಹೆಚ್ಚೋ ಆ ಭಾಷೆಗೆ ಗೊತ್ತುಮಾಡಿದ ಬಣ್ಣವನ್ನು ಇಡೀ ಜಿಲ್ಲೆಗೆ ತುಂಬುವ ನಕ್ಷೆ. ಖಂಡವೊಂದರ ಸ್ಥೂಲ ಪರಿಚಯಕ್ಕೆ ಅದು ಸಾಕಾಗಬಹುದಾದರೂ, ಆಂಧ್ರ ಮತ್ತು ತಮಿಳುನಾಡುಗಳೆರಡಕ್ಕೂ ಹೊಂದಿಕೊಂಡಿರುವ ಕೋಲಾರ ಜಿಲ್ಲೆಯಲ್ಲಿ, ಅದರಲ್ಲೂ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ, ಅದು ತಿಳಿಸುವುದಕ್ಕಿಂತ ಮರೆಸುವುದೇ ಹೆಚ್ಚು.

ವರ್ಣನಕ್ಷೆಯ ಮೊದಲ ದೋಷ ಅದರ ಘಟಕದಲ್ಲಿಯೇ ಇದೆ. 2007ರಲ್ಲಿ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದಾಗ ಯಾವ ಊರಿನ ಮನೆಮಾತೂ ಬದಲಾಗಲಿಲ್ಲ. ಆದರೂ ಜಿಲ್ಲಾವಾರು ಲೆಕ್ಕದಲ್ಲಿ ಕೋಲಾರದ ಭಾಷಾ ಪ್ರಮಾಣಗಳು ಬದಲಾದವು. ಎರಡನೆಯ ದೋಷ ಎಣಿಕೆಯ ಬಳಕೆಯಲ್ಲಿದೆ. ಜನಗಣತಿ ಪ್ರತಿಯೊಬ್ಬರ ಮಾತೃಭಾಷೆಯನ್ನಷ್ಟೇ ಅಲ್ಲದೆ ಅವರು ಬಲ್ಲ ಇನ್ನೆರಡು ಭಾಷೆಗಳನ್ನೂ ದಾಖಲಿಸುತ್ತದೆ. ನಕ್ಷೆಗಳು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ತೆಗೆದುಕೊಂಡು ಉಳಿದೆರಡನ್ನು ಕೈಬಿಡುತ್ತವೆ. ಮನೆಯಲ್ಲಿ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ, ವ್ಯವಹಾರಕ್ಕೆ ತಕ್ಕಂತೆ ತಮಿಳು ಅಥವಾ ಉರ್ದು ಎಂಬಂತೆ ಬದುಕುವ ಸೀಮೆಯ ಮುಖ್ಯ ಲಕ್ಷಣವೇ ಇದರಿಂದ ಕಾಣದಾಗುತ್ತದೆ. ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿ, ತಮಿಳು ಮನೆಮಾತಿನವರಾಗಿದ್ದೂ ಕನ್ನಡದ ಸಣ್ಣಕತೆಗೆ ಬುನಾದಿ ಹಾಕಿದ ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನು ಇಂಥ ನಕ್ಷೆ ಕೇವಲ ತಮಿಳರ ಲೆಕ್ಕಕ್ಕೆ ಸೇರಿಸುತ್ತದೆ.

ಚಾರಿತ್ರಿಕ ನಕ್ಷೆಗಳಲ್ಲಿ ಈ ಸರಳೀಕರಣ ಇನ್ನಷ್ಟು ಗಾಢವಾಗಿದೆ. ರಾಜವಂಶಕ್ಕೊಂದು ಬಣ್ಣ, ಆ ಬಣ್ಣಕ್ಕೊಂದು ಭಾಷೆ ಎಂಬ ಊಹೆಯನ್ನು ಅವು ಓದುಗರಲ್ಲಿ ಬೆಳೆಸುತ್ತವೆ. ಬಿ. ಎಲ್. ರೈಸ್ ಸಂಪಾದಿಸಿ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ, ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಈ ಊಹೆಯನ್ನು ಸಡಿಲಗೊಳಿಸುವಷ್ಟು ಆಧಾರವನ್ನು ಒದಗಿಸುತ್ತದೆ. ಗಂಗರ ಆದಿಯ ರಾಜಧಾನಿಯಾದ ಕುವಲಾಲ, ಅಂದರೆ ಇಂದಿನ ಕೋಲಾರ, ಚೋಳರ ಕಾಲದಲ್ಲಿ ನಿಗರಿಲಿಚೋಳಮಂಡಲಕ್ಕೆ ಸೇರಿತ್ತು. ಕೋಲಾರಮ್ಮನ ಗುಡಿಯಲ್ಲಿ ತಮಿಳು ಶಾಸನಗಳಿವೆ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ನೊಳಂಬ ಅರಸರ ಕುರುಹುಗಳಿವೆ. ಕನ್ನಡ ವಂಶವೆಂದೇ ಬಣ್ಣ ಪಡೆಯುವ ಹೊಯ್ಸಳರ ರಾಜ್ಯ 13ನೆಯ ಶತಮಾನದ ಉತ್ತರಾರ್ಧದಲ್ಲಿ ಇಬ್ಭಾಗವಾದಾಗ ಕೋಲಾರದ ಕಡೆ ಆ ವಂಶದ ರಾಮನಾಥನ ಪಾಲಿಗೆ ಬಂತು; ಅವನ ಕಾಲದ ಇಲ್ಲಿನ ಹಲವು ಶಾಸನಗಳು ತಮಿಳಿನಲ್ಲಿವೆ. ಆದ್ದರಿಂದ ಶಾಸನ ಸಿಕ್ಕ ಜಾಗಗಳನ್ನು ಕಾಲ ಮತ್ತು ಭಾಷೆಗೆ ಅನುಸಾರವಾಗಿ ಗುರುತಿಸುವ ಚುಕ್ಕೆನಕ್ಷೆ, ರಾಜ್ಯಗಳಿಗೆ ಬಣ್ಣ ತುಂಬುವ ನಕ್ಷೆಗಿಂತ ಹೆಚ್ಚು ಪ್ರಾಮಾಣಿಕವಾದುದು. ಅದಕ್ಕೂ ಮಿತಿಯಿದೆ: ಶಾಸನ ತಿಳಿಸುವುದು ದಾನಿಯ, ಗುಡಿಯ, ಆಡಳಿತದ ಭಾಷೆಯನ್ನೇ ಹೊರತು ಹೊಲದಲ್ಲಿ ದುಡಿದವರ ಮಾತನ್ನಲ್ಲ.

ನಕ್ಷೆ ಇರುವುದನ್ನು ತೋರಿಸುವ ಸಾಧನ ಮಾತ್ರವಲ್ಲ, ಮುಂದಾಗುವುದಕ್ಕೆ ಕಾರಣವೂ ಆಗುತ್ತದೆ ಎಂಬುದಕ್ಕೆ ಕೋಲಾರಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಅಪರೂಪ. 1802ರಲ್ಲಿ ಮೈಸೂರಿನ ಪೂರ್ವ ಗಡಿಯ ಸರ್ವೇ ನಡೆಸುತ್ತಿದ್ದ ಜಾನ್ ವಾರೆನ್ ಎಂಬ ಸೇನಾಧಿಕಾರಿ ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ವರದಿ ಮಾಡಿದ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಅಲ್ಲಿ ಆಳದ ಗಣಿಗಾರಿಕೆ ನೆಲೆಯೂರಿದಾಗ ಉತ್ತರ ಆರ್ಕಾಟ್, ಸೇಲಂ ಕಡೆಗಳಿಂದ ಸಾವಿರಾರು ತಮಿಳು ಕಾರ್ಮಿಕರು, ಬಹುಪಾಲು ದಲಿತರು, ಬಂದು ನೆಲೆಸಿದರು. ಗಡಿಯ ಅಳತೆಯ ಜೊತೆಗೆ ದಾಖಲಾದ ಚಿನ್ನದ ಸುದ್ದಿ ಹೀಗೆ ಮುಂದಿನ ಜನಗಣತಿಗಳ ನಕ್ಷೆಯನ್ನೇ ಬದಲಿಸಿತು. ಗಣಿ 2001ರಲ್ಲಿ ಮುಚ್ಚಿದ ಮೇಲೂ ಅಲ್ಲಿ ಉಳಿದ ಜನರ ಬದುಕನ್ನು ಜಿಲ್ಲೆಯ ಸರಾಸರಿ ಬಣ್ಣ ಕಾಣಿಸಲಾರದು.

ರಾಜ್ಯಗಳ ಪುನರ್ವಿಂಗಡಣಾ ಆಯೋಗ 1955ರ ವರದಿಯಲ್ಲಿ ಒಂದು ಭಾಷೆಗೆ ಒಂದು ರಾಜ್ಯ ಎಂಬ ತತ್ತ್ವವನ್ನು ಪೂರ್ತಿಯಾಗಿ ಒಪ್ಪಲಿಲ್ಲ; ತೆಲುಗು ಮನೆಮಾತಿನವರು ಹೆಚ್ಚಾಗಿದ್ದ ಕೋಲಾರ ಕನ್ನಡನಾಡಿನಲ್ಲಿಯೇ ಉಳಿಯಿತು. ಬಣ್ಣವೊಂದನ್ನೇ ನಂಬಿ ಗಡಿ ಎಳೆದಿದ್ದರೆ, ಬೆಂಗಳೂರಿನೊಡನೆ ವ್ಯಾಪಾರ, ಆಡಳಿತ, ಶಿಕ್ಷಣಗಳಿಂದ ಬೆಸೆದುಕೊಂಡ ಸೀಮೆ ಕತ್ತರಿಸಿಹೋಗುತ್ತಿತ್ತು. ಹಾಗೆಂದು ನಕ್ಷೆಯನ್ನು ಬಿಡುವುದು ಪರಿಹಾರವಲ್ಲ. ಒಂದೇ ನಕ್ಷೆಯನ್ನು ನೆಚ್ಚುವುದನ್ನು ಬಿಡಬೇಕು. ಮಾತೃಭಾಷೆಯ ಜೊತೆಗೆ ಎರಡನೆಯ, ಮೂರನೆಯ ಭಾಷೆಗಳು, ಶಾಸನಗಳ ನೆಲೆಗಳು, ಪಾಲಾರ್ ಮತ್ತು ದಕ್ಷಿಣ ಪಿನಾಕಿನಿಯ ಜಲಾನಯನದ ಕೆರೆಸಾಲುಗಳು, ವಲಸೆಯ ದಾರಿಗಳು ಇವೆಲ್ಲವನ್ನೂ ಹಳ್ಳಿಯ ಮಟ್ಟದಲ್ಲಿ, ಪದರದ ಮೇಲೆ ಪದರವಾಗಿ ತೋರಿಸುವ ನಕ್ಷೆಗಳು ಕೋಲಾರದ ತಾಲ್ಲೂಕುಗಳ ಶಾಲೆಗಳಿಗೆ ಬೇಕು. ಬಹುಭಾಷಿಕತೆ ಕನ್ನಡದ ಕೊರತೆಯಲ್ಲ, ಕನ್ನಡ ಇಲ್ಲಿ ಬಾಳಿದ ಬಗೆಯೇ ಅದು ಎಂಬುದನ್ನು ಗಡಿನಾಡಿನ ಮಕ್ಕಳಿಗೆ ಕಾಣಿಸಿಕೊಡಲಾರದ ನಕ್ಷೆ ಎಷ್ಟೇ ಅಂದವಾಗಿದ್ದರೂ ಅಪೂರ್ಣವೇ.